ಬ್ಯಾಂಕಾಕಿನಲ್ಲಿ ಉಳಿದ ಜೆರ್ಸಿ ಹುಡುಗ

"ಆಂಟಿ, ಬ್ರೇಕ್ ಹಿಡೀಬೇಡಿ! ಪ್ಲೀಸ್!"

ನಾನೆಲ್ಲಿ ಹಿಡಿದೆ! ಹಿಂದಿದ್ದ ಬಿಳಿ ವ್ಯಾನ್ ನನ್ನ ಕೊರೊಲಾದ ಬಂಪರಿಗೆ ಇನ್ನೊಮ್ಮೆ ಗುದ್ದಿತು. ಹಿಂಭಾಗದ ಗಾಜು ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

ನ್ಯೂಜೆರ್ಸಿಯ ರೂಟ್ ಒನ್ ಹೆದ್ದಾರಿ. ಹಾಡಹಗಲು. ಅಕ್ಕಪಕ್ಕದ ಕಾರಿನವರು ಹಾರ್ನ್ ಬಾರಿಸಿದರೇ ಹೊರತು ಒಬ್ಬನೂ ನಿಲ್ಲಿಸಲಿಲ್ಲ.

"ತಲಿ ಕೆಳಗ ಮಾಡೋ!" ಎಂದೆ.

ಜಯ್ ಡ್ಯಾಶ್‌ಬೋರ್ಡಿನ ಕೆಳಗೆ ಮುದುಡಿದ. ಜಿಮ್ಮಿಗೆ ಹೋಗಿ ತೋಳು ಬೆಳೆಸಿದ ಕಾಲೇಜು ಹುಡುಗ. ಈಗ ಗಡಗಡ ನಡುಗುತ್ತಿದ್ದ.

ಕನ್ನಡಿಯಲ್ಲಿ ನೋಡಿದೆ. ವ್ಯಾನಿನಲ್ಲಿ ಇಬ್ಬರು. ಪಕ್ಕದಲ್ಲಿ ಕೂತವನು ಕಿಟಕಿಯಿಂದ ಕೈ ಹೊರಗೆ ಹಾಕಿದ. ಕೈಯಲ್ಲಿ ಪಿಸ್ತೂಲು!

ವ್ಯಾನಿಗೆ ನ್ಯೂಯಾರ್ಕಿನ ನಂಬರ್ ಪ್ಲೇಟ್ ಇತ್ತು.

ಸದ್ಯ, ಬದುಕಿದೆ ಅಂದುಕೊಂಡೆ.

ಯಾಕೆ ಗೊತ್ತೇ? ನಮ್ಮ ಜೆರ್ಸಿಯ ರಸ್ತೆಗಳಿಗೆ ಒಂದು ಕೆಟ್ಟ ಚಾಳಿ. ಎಡಕ್ಕೆ ಹೋಗಬೇಕಾದರೆ ಎಡಕ್ಕೆ ತಿರುಗಿಸುವಂತಿಲ್ಲ. ಮೊದಲು ಬಲಗಡೆಯ ಸಣ್ಣ ದಾರಿಗೆ ಇಳಿದು, ಸುತ್ತು ಹಾಕಿ ಬಂದು, ಸಿಗ್ನಲ್ಲಿನಲ್ಲಿ ದೊಡ್ಡ ರಸ್ತೆ ದಾಟಬೇಕು. ಜಗ್‌ಹ್ಯಾಂಡಲ್ ಎನ್ನುತ್ತಾರೆ. ಹೊರಗಿನವರು ಇಲ್ಲಿ ದಿನಾ ತಪ್ಪುತ್ತಾರೆ, ದಿನಾ ಬೈಯುತ್ತಾರೆ.

ಎಡಗಡೆಯ ಇಂಡಿಕೇಟರ್ ಹಾಕಿದೆ. ವ್ಯಾನಿನವನು ನನ್ನನ್ನು ಅಡ್ಡಗಟ್ಟಲು ಎಡಕ್ಕೆ ನುಗ್ಗಿದ. ಇನ್ನೇನು ಸಿಗ್ನಲ್ ಬಂತು ಅನ್ನುವಾಗ ಸ್ಟಿಯರಿಂಗನ್ನು ಬಲಕ್ಕೆ ಎಳೆದೆ!

ಟೈರ್ ಕಿರುಚಿತು. ಜಯ್ ಕೂಡ ಕಿರುಚಿದ.

ವ್ಯಾನ್ ನೇರ ಮುಂದಕ್ಕೆ ಹೋಯಿತು. ಹಿಂದೆ ಟ್ರಕ್ಕು, ಪಕ್ಕದಲ್ಲಿ ಬಸ್ಸು, ನಡುವೆ ಕಾಂಕ್ರೀಟಿನ ಗೋಡೆ... ತಿರುಗುವುದೆಲ್ಲಿ? ನಾನು ಸುತ್ತು ಹಾಕಿ, ರಸ್ತೆ ದಾಟಿ, ಬಂದ ದಿಕ್ಕಿಗೇ ಹೊರಟೆ. ಒಂದು ಇಂಡಿಯನ್ ಗ್ರೋಸರಿ ಅಂಗಡಿಯ ಹಿಂದೆ, ಅಕ್ಕಿ ಮೂಟೆ ಇಳಿಸುವ ಜಾಗದಲ್ಲಿ ಕಾರು ನಿಲ್ಲಿಸಿದೆ.

"ಈಗ ಹೇಳು," ಎಂದೆ. "ನಚಿಕೇತನ್ನ ಎಲ್ಲಿ ಬಿಟ್ಟು ಬಂದಿ?"

ಅವನು ಬಾಗಿಲು ತೆಗೆದು ವಾಂತಿ ಮಾಡಿಕೊಂಡ.

ಮಾಡಿಕೊಳ್ಳಲಿ. ಅಷ್ಟರಲ್ಲಿ ನಿಮಗೆ ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಾನು ಮಂಜರಿ. ಗದಗಿನವಳು. ಎಡಿಸನ್ನಿನಲ್ಲಿ ಪ್ರೈವೇಟ್ ಇನ್ವೆಸ್ಟಿಗೇಟರ್. ಹೆಚ್ಚಿನ ಕೆಲಸ ಗಂಡು ನೋಡುವುದು... ನನಗಲ್ಲ! ನಮ್ಮವರು ಮಗಳ ಮದುವೆ ಗೊತ್ತು ಮಾಡುವ ಮೊದಲು ನನಗೆ ಫೋನ್ ಮಾಡುತ್ತಾರೆ. ಹುಡುಗ ಕುಡಿಯುತ್ತಾನೆಯೇ, ವೀಸಾ ನಿಜವೇ, ಟೆಕ್ಸಾಸಿನಲ್ಲಿ ಇನ್ನೊಂದು ಸಂಸಾರ ಇದೆಯೇ ಅಂತ ನೋಡಿ ಹೇಳುತ್ತೇನೆ. ಪಿಸ್ತೂಲು ತೋರಿಸುವ ಗಿರಾಕಿಗಳು ನನ್ನ ಲೈನಿನಲ್ಲಿ ಕಡಿಮೆ.

ಆ ಬೆಳಿಗ್ಗೆ ಫೋನ್ ಮಾಡಿದ್ದು ಮನ್ರೋದ ಶೈಲಮ್ಮ. ಮೈಸೂರಿನವರು, ರಿಟೈರಾದ ಮೇಷ್ಟರಮ್ಮ. ಗಂಡ ಹೋದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ.

"ಮಂಜರಿ, ನಂಗೊಂದು ಫ್ರಾಡ್ ಕಾಲ್ ಬಂತಮ್ಮಾ."

"ಅಯ್ಯ, ದಿನಾ ಬರ್ತಾವ್ರೀ. ಇಟ್ಟುಬಿಡ್ರಿ."

"ಇಟ್ಟಿದ್ದಿದ್ರೆ ನಿಂಗ್ಯಾಕೆ ಮಾಡ್ತಿದ್ದೆ? ಕೇಳು."

ಕೇಳಿದೆ. ಯಾವನೋ ಇಂಗ್ಲಿಷಿನಲ್ಲಿ ಹೆದರಿಸಿದನಂತೆ. ನಾನು ಆಫೀಸರ್, ನಿಮ್ಮ ಸೋಶಿಯಲ್ ಸೆಕ್ಯೂರಿಟಿ ನಂಬರ್ ಬ್ಲಾಕ್ ಆಗಿದೆ, ಪೊಲೀಸ್ ಬರುತ್ತಾರೆ ಅಂತ. ಈಕೆ ಗಾಬರಿಯಲ್ಲಿ "ಅಯ್ಯೋ ದೇವರೇ" ಎಂದಿದ್ದಾರೆ. ಆ ಕಡೆಯವನ ಬಾಯಿಂದ ತಟ್ಟನೆ, "ಗಾಬರಿ ಆಗ್ಬೇಡಿ ಆಂಟಿ" ಅಂತ ಕನ್ನಡ ಬಂದುಬಿಟ್ಟಿದೆ!

ಬೇರೆ ಯಾರಾದರೂ ಬೈದು ಫೋನ್ ಇಡುತ್ತಿದ್ದರು. ಶೈಲಮ್ಮ ಏನು ಮಾಡಿದರು? ನಮ್ಮ ಹೆಂಗಸರು ಕನ್ನಡ ಕಿವಿಗೆ ಬಿದ್ದ ಕೂಡಲೇ ಮಾಡುವುದನ್ನೇ ಮಾಡಿದರು.

"ಕನ್ನಡದೋನೇನಪ್ಪಾ? ಯಾವೂರು? ಯಾರ ಮಗ ನೀನು? ಊಟ ಆಯ್ತಾ?"

ಆ ಕಡೆಯಿಂದ ಬಿಕ್ಕಿ ಬಿಕ್ಕಿ ಅಳು.

"ಊಟ ಆಯ್ತಾ ಅಂದಿದ್ದಕ್ಕೆ ಅತ್ತುಬಿಡ್ತು ಕಣೇ ಮಗು," ಎಂದರು ಶೈಲಮ್ಮ. ಅವರ ದನಿಯೂ ಒಡೆದಿತ್ತು. "ನಾನು ನಚಿಕೇತ, ಊರು ಇಲ್ಲೇ ಪಿಸ್ಕಾಟವೇ, ಬೋರಲಿಂಗಯ್ಯನವರ ಮಗ ಅಂದ. ನಮ್ಮನ್ನ ಹೊಡೀತಾರೆ, ಈ ವಾರ ಬೇರೆಯವ್ರಿಗೆ ಮಾರ್ತಾರೆ, ಜಯ್‌ನ ಕೇಳಿ ಅಂದ. ಆಮೇಲೆ ಫಟಾರ್ ಅಂತ ಏಟು ಬಿದ್ದ ಸದ್ದು. ಲೈನ್ ಕಟ್."

ಬೋರಲಿಂಗಯ್ಯನವರು ನನಗೆ ಗೊತ್ತು. ಟೆಲಿಕಾಂ ಎಂಜಿನಿಯರ್. ಹೆಂಡತಿ ಇಲ್ಲ, ಒಬ್ಬನೇ ಮಗ. ಮಗ ಬ್ಯಾಂಕಾಕಿನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾನೆ ಅಂತ ಸಿಕ್ಕಿದವರಿಗೆಲ್ಲ ಫೋಟೋ ತೋರಿಸುತ್ತಿದ್ದರು.

ಪೊಲೀಸರಿಗೆ ಹೇಳಿದೆ. ವಯಸ್ಕ, ಸ್ವಂತ ಇಷ್ಟದಿಂದ ಹೋಗಿದ್ದಾನೆ, ದಿನಾ ಫೋಟೋ ಹಾಕುತ್ತಿದ್ದಾನೆ, ರಿಪೋರ್ಟ್ ಬರೆದುಕೊಳ್ಳುತ್ತೇವೆ ಎಂದರು. ಬರೆದುಕೊಂಡರು. ಮುಗಿಯಿತು.

ಹಾಗಾಗಿ ನಚಿಕೇತನ ಜೊತೆ ಬ್ಯಾಂಕಾಕಿಗೆ ಹೋಗಿ ಬಂದಿದ್ದ ಗೆಳೆಯ ಜಯ್‌ನ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದೆ. ಅವನು ಒಳಗಿನಿಂದಲೇ ಯಾರಿಗೋ ಫೋನ್ ಮಾಡಿದ. ಅವನ ಕಾಲರ್ ಹಿಡಿದು ಕಾರಿಗೆ ಹತ್ತಿಸುವಷ್ಟರಲ್ಲಿ ವ್ಯಾನ್ ಹಾಜರ್!

ಅವನನ್ನೂ ಮುಗಿಸಲು ಬಂದಿದ್ದರು. ಅದು ಅವನಿಗೆ ಈಗ ಅರ್ಥವಾಗಿತ್ತು.

"ಯಾರಿಗೆ ಫೋನ್ ಮಾಡಿದಿ?"

ಬಾಯಿ ಒರೆಸಿಕೊಂಡ. "ಸುಬ್ಬು ಅಂಕಲ್‌ಗೆ."

ನಾನು ಬೆಚ್ಚಿಬಿದ್ದೆ. ಸುಬ್ಬು! ಈ ಕಡೆ ಅವರನ್ನು ಅರಿಯದ ಕನ್ನಡದ ಮನೆಯಿಲ್ಲ. ಪರೀಕ್ಷೆ ಬಂದರೆ ಹಾಸ್ಟೆಲಿನ ಹುಡುಗರಿಗೆ ಮೊಸರನ್ನ ಕಟ್ಟಿಕೊಂಡು ಹೋಗುವ ಸುಬ್ಬು ಅಂಕಲ್. ಕಡಿಮೆ ಖರ್ಚಿನಲ್ಲಿ ಹುಡುಗರಿಗೆ ಬಜೆಟ್ ಟ್ರಿಪ್ ಗೊತ್ತು ಮಾಡಿಕೊಡುವ ಸುಬ್ಬು ಅಂಕಲ್!

"ಪೂರ್ತಿ ಹೇಳು. ಸುಳ್ಳು ಹೇಳಿದರ ಆ ವ್ಯಾನಿನವರ ಕೈಗೆ ನಾನೇ ಕೊಡ್ತೀನಿ."

ಹೇಳಿದ. ಅರ್ಧ ಇಂಗ್ಲಿಷು, ಅರ್ಧ ಕನ್ನಡ.

"ಗ್ರೂಪ್ ಲೀಡರ್ ಆದ್ರೆ ನಿಂದು ಫ್ರೀ ಅಂದ್ರು ಅಂಕಲ್. ಫ್ರೆಂಡ್ಸನ್ನ ಸೇರಿಸು, ಸಾಕು ಅಂದ್ರು. ನಾನು, ನಚಿ, ಇನ್ನಿಬ್ರು. ಹಾಸ್ಟೆಲಲ್ಲಿ ಒಂದೇ ರೂಮು, ಮೇಲೊಂದು ಕೆಳಗೊಂದು ಬೆಡ್. ಎಸಿ ಇರ್ಲಿಲ್ಲ. ಬಟ್ ಇಟ್ ವಾಸ್ ಸೋ ಮಚ್ ಫನ್ ಆಂಟಿ... ನಾಲ್ಕು ಜನ ಒಂದೇ ಟುಕ್‌ಟುಕ್‌ನಲ್ಲಿ. ನಚಿ ವೆಜ್ ಅಲ್ವಾ, ಎಲ್ಲಾದ್ರಲ್ಲೂ ಫಿಶ್ ಸಾಸ್ ಹಾಕ್ತಾರೆ ಅಂತ ಬರೀ ಮಾವಿನಹಣ್ಣು, ಅನ್ನ ತಿಂದ. ದೋಣೀಲಿ ಕೂತ್ಕೊಂಡು ನದಿ ಸುತ್ತಿದ್ವಿ. ಬೆಸ್ಟ್ ಟೈಮ್ ಆಫ್ ಮೈ ಲೈಫ್."

"ಆಮ್ಯಾಲ?"

"ಹಾಸ್ಟೆಲ್ ಹತ್ರ ಒಂದು ವ್ಯಾನ್ ಬಂತು. ಐಲ್ಯಾಂಡ್ ಟೂರ್, ಸುಬ್ಬು ಅಂಕಲ್ ಕಳ್ಸಿದ್ದು, ಒಂದೇ ಸೀಟ್ ಇದೆ ಅಂದ್ರು. ನಚಿ ಹತ್ತಿದ. ನಾನೇ ಹತ್ಸಿದೆ. ನೀನು ಹೋಗೋ, ಫೋನ್ ನೀರಿಗೆ ಬೀಳುತ್ತೆ, ನನ್ನ ಹತ್ರ ಕೊಟ್ಟು ಹೋಗು ಅಂದೆ."

"ಅವರೇ ಹೇಳಿಕೊಟ್ಟಿದ್ದರೇನು ಹಂಗನ್ನಾಕ?"

ತಲೆ ತಗ್ಗಿಸಿದ. ಹೇಳಿಕೊಟ್ಟಿದ್ದರು. ಅದು ಯಾಕೆಂದು ಹೇಳಿರಲಿಲ್ಲವಂತೆ. ಆ ಸಂಜೆ ಸುಬ್ಬು ಫೋನ್ ಮಾಡಿ ಹೇಳಿದರು. ನಚಿಗೆ ಕೆಲಸ ಸಿಕ್ಕಿದೆ, ಉಳಿದುಕೊಂಡ ಅಂತ ಎಲ್ಲರಿಗೂ ಹೇಳು. ಇಲ್ಲದಿದ್ದರೆ ಮುಂದಿನ ಸೀಟು ನಿನ್ನ ತಂಗಿ ಆನ್ಯಾಗೆ.

ನಚಿಕೇತನನ್ನು ಒಯ್ದದ್ದು ಬ್ಯಾಂಕಾಕಿನಿಂದ ದೂರ, ಗಡಿಯಾಚೆ ಎಲ್ಲೋ ಇರುವ ಮುಳ್ಳುತಂತಿಯ ಕಾಂಪೌಂಡಿಗೆ. ಪಾಸ್‌ಪೋರ್ಟ್ ಕಿತ್ತುಕೊಂಡು, ಕಿವಿಗೆ ಹೆಡ್‌ಸೆಟ್ ಹಾಕಿ ಕೂರಿಸುತ್ತಾರೆ. ಅಮೆರಿಕದ ಮುದುಕರನ್ನು ಹೆದರಿಸಿ ದುಡ್ಡು ಕೀಳಬೇಕು. ಕೀಳದಿದ್ದರೆ ಏಟು. ಅಮೆರಿಕನ್ ಉಚ್ಚಾರಣೆಯ ಹುಡುಗ ಸಿಕ್ಕಿದರೆ ಅವರಿಗೆ ಹಬ್ಬ.

"ಮತ್ತ ಆ ಫೋಟೋ? ದಿನಾ ಬರ್ತಾವಲ್ಲ?"

"ನಾನೇ ಹಾಕ್ತಿರೋದು ಆಂಟಿ. ಅವನ ಫೋನಿಂದ. ಮೊದ್ಲೇ ತೆಗ್ದಿದ್ದ ಫೋಟೋಸು." ಅವನು ಮುಖ ಮುಚ್ಚಿಕೊಂಡ. "ಅವ್ರಪ್ಪ ಪ್ರತಿಯೊಂದಕ್ಕೂ ಹಾರ್ಟ್ ಕಳಿಸ್ತಾರೆ."

ಕಪಾಳಕ್ಕೆ ಒಂದು ಬಿಟ್ಟೆ. ತಡೆಯಲಾಗಲಿಲ್ಲ.

ಅವನು ಕೆನ್ನೆ ಹಿಡಿದುಕೊಂಡೇ ಹೇಳಿದ, "ಆಂಟಿ... ಇವತ್ತು ಇನ್ನೊಂದು ಗ್ರೂಪ್ ಹೋಗ್ತಿದೆ. ದಿಯಾ ಅಂತ ಫ್ರೆಂಡು, ಅವ್ಳ ಜೊತೆ ನನ್ನ ತಂಗಿ ಆನ್ಯಾ. ನಂಗೆ ಹೇಳ್ದೆನೇ ಬುಕ್ ಮಾಡಿದಾಳೆ. ಜೆಎಫ್‌ಕೆ ಏರ್‌ಪೋರ್ಟಿಂದ."

"ಫೋನ್ ಹಚ್ಚು! ಹತ್ತಬ್ಯಾಡ್ರಿ ಅನ್ನು!"

ಹಿಂದಿನ ಗಾಜಿಲ್ಲದ ಕಾರು. ಟರ್ನ್‌ಪೈಕು, ಗೊಥಲ್ಸ್ ಸೇತುವೆ, ವೆರಝಾನೊ, ಬೆಲ್ಟ್ ಪಾರ್ಕ್‌ವೇ... ಗಾಳಿ ಹೊಡೆದು ಕಿವಿ ಕಿವುಡಾಯಿತು. ಟರ್ಮಿನಲ್ಲಿನ ಮುಂದೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ದಿಯಾ, ಆನ್ಯಾ ನಿಂತಿದ್ದರು. ಅವರನ್ನು ಬಿಡಲು ಬಂದ ಹುಡುಗನೂ ಅಲ್ಲೇ ಇದ್ದ.

ಅರ್ಣವ್. ಸುಬ್ಬು ಅವರ ಒಬ್ಬನೇ ಮಗ.

"ಡ್ಯಾಡ್ ನೆವರ್ ಲೆಟ್ಸ್ ಮಿ ಗೋ," ಎಂದ ಬೇಸರದಿಂದ. "ಎಲ್ಲರ ಟ್ರಿಪ್ಪೂ ಪ್ಲ್ಯಾನ್ ಮಾಡ್ತಾರೆ. ನಂಗೆ ಮಾತ್ರ ನೋ."

ಆಗ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು. ಒಳ್ಳೆಯ ವಿಚಾರವಲ್ಲ. ಆದರೆ ನನ್ನ ಹತ್ತಿರ ಬೇರೆ ಯಾವುದೂ ಇರಲಿಲ್ಲ.

ಜಯ್ ಎಲ್ಲವನ್ನೂ ಅರ್ಣವ್‌ಗೆ ಹೇಳಿದ. ಹುಡುಗ ಬೆಳ್ಳಗಾದ. ನಂಬಲಿಲ್ಲ. ಆಮೇಲೆ ನಂಬಿದ. ನಚಿಕೇತ ಅವನಿಗೂ ಗೆಳೆಯ, ಕಿಂಡರ್‌ಗಾರ್ಟನ್ನಿನಿಂದ.

"ವಾಟ್ ಡು ಯು ನೀಡ್?" ಎಂದು ಕೇಳಿದ.

"ಫೋನ್ ಇಲ್ಲೇ ಆಫ್ ಮಾಡು. ನಾಳೆತನಕ ಶೈಲಮ್ಮನ ಮನಿಯಾಗ ಇರು. ನಿಮ್ಮಪ್ಪ ಒಂದು ಫೋನ್ ಕಾಲ್ ಮಾಡಬೇಕು, ಅಷ್ಟ."

"ಜಸ್ಟ್ ಎ ಕಾಲ್?"

"ಬರೇ ಒಂದು ಕಾಲ್."

ಆಗ ನಾನು ಹೇಳಿದ್ದು ನಿಜವೇ. ನನಗೂ ಅಷ್ಟೇ ಬೇಕಿತ್ತು.

ಅರ್ಣವ್, ದಿಯಾ, ಆನ್ಯಾ, ಮೂವರ ಫೋನೂ ಜೆಎಫ್‌ಕೆಯಲ್ಲೇ ಆಫ್ ಆದವು. ಮಗನ ಲೊಕೇಶನ್ ದಿನವಿಡೀ ನೋಡುವ ಅಪ್ಪನಿಗೆ ಕೊನೆಯ ಚುಕ್ಕೆ ಕಂಡದ್ದು ಇಂಟರ್‌ನ್ಯಾಷನಲ್ ಡಿಪಾರ್ಚರಿನಲ್ಲಿ. ಸಾಲದ್ದಕ್ಕೆ ಜಯ್‌ನಿಂದ ಒಂದು ಮೆಸೇಜು: "ಅಂಕಲ್, ಅರ್ಣವ್ ಅವ್ರ ಜೊತೆ ಹೋಗ್ಬಿಟ್ಟ. ನಿಮಗೆ ಸರ್‌ಪ್ರೈಸ್ ಅಂತೆ."

ಫ್ಲೈಟು ಇಳಿಯುವಷ್ಟು ಹೊತ್ತು ಕಾದೆ. ಜಯ್ ನನ್ನ ಜೊತೆ ಇರುವುದು ಅವರಿಗೆ ವ್ಯಾನಿನವರಿಂದ ಗೊತ್ತಿತ್ತಲ್ಲ, ಮರುದಿನ ಸುಬ್ಬು ಅವರೇ ನನಗೆ ಫೋನ್ ಮಾಡಿದರು. ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿಗೆ ಬನ್ನಿ ಎಂದೆ. ಅಲ್ಲಿ ಸದಾ ಜನ. ದೋಸೆ ಪ್ಲೇಟುಗಳ ನಡುವೆ ಯಾರೂ ಪಿಸ್ತೂಲು ತೆಗೆಯುವುದಿಲ್ಲ ಎಂಬ ಲೆಕ್ಕಾಚಾರ.

ತೆಗೆಯಲಿಲ್ಲ ನಿಜ. ಜ್ಯಾಕೆಟ್ಟಿನ ಒಳಗಿನಿಂದಲೇ ನನ್ನ ಪಕ್ಕೆಗೆ ಒತ್ತಿದ, ಆ ವ್ಯಾನಿನವನು!

"ಎದ್ದೇಳಮ್ಮಾ ಮಂಜರಿ," ಎಂದರು ಸುಬ್ಬು. ಕಣ್ಣು ಕೆಂಪಗಿತ್ತು, ಗಡ್ಡ ಬೋಳಿಸಿರಲಿಲ್ಲ. "ಕಾರಲ್ಲಿ ಮಾತಾಡೋಣ."

ಪಕ್ಕದ ಬೀದಿಯಲ್ಲಿ ಅವರ ಕಾರು. ಅವರು ಸ್ಟಿಯರಿಂಗಿನ ಹಿಂದೆ, ನಾನು ಪಕ್ಕದಲ್ಲಿ. ಹಿಂದಿನ ಸೀಟಿನಿಂದ ಪಿಸ್ತೂಲಿನ ಬಾಯಿ ನನ್ನ ಕುತ್ತಿಗೆಗೆ ತಾಗುತ್ತಿತ್ತು. ತಣ್ಣಗಿತ್ತು.

"ಎಲ್ಲಿ ನನ್ನ ಮಗ?"

"ನನ್ನ ಕೇಳಿದರ ಏನು ಬಂತ್ರೀ? ನಿಮ್ಮ ಮಂದೀನ ಕೇಳ್ರಿ."

"ಅವ್ನಿಗೇನಾದ್ರೂ ಆದ್ರೆ ನಿನ್ನ ಇಲ್ಲೇ..."

"ಹೊಡಸ್ರಿ! ಅಲ್ಲಿಂದ ನಿಮ್ಮ ಮಗ ಎದ್ದು ಬರ್ತಾನೇನು? ಇವತ್ತು ಹೆಡ್‌ಸೆಟ್ ಹಾಕ್ತಾರ. ನಾಳೆ ಹೊಡೀತಾರ. ಇದೆಲ್ಲಾ ನನಗಿಂತ ನಿಮಗ ಚೆಂದ ಗೊತ್ತೈತಿ."

ಸುಬ್ಬು ಫೋನ್ ತೆಗೆದರು. ಸ್ಪೀಕರಿಗೆ ಹಾಕಿದರು. ಅಷ್ಟು ದೂರದಿಂದ ಒಂದು ಆಕಳಿಸುವ ದನಿ. ಅವರೆಲ್ಲರ ಬಾಸ್. ಇಂಗ್ಲಿಷು ಮುರುಕು.

"ಸುಬ್ಬು. ನಿನ್ನ ಗ್ರೂಪ್ ಎಲ್ಲಿ? ಏರ್‌ಪೋರ್ಟಿಗೆ ನೋಬಡಿ ಕೇಮ್."

"ಸುಳ್ಳು!" ಸುಬ್ಬು ಕೂಗಿದರು. "ನೋಬಡಿ ಕೇಮ್ ಅಂತ ನಂಗೇ ಹೇಳ್ತೀಯಾ? ಅಪ್ಪ ಅಮ್ಮಂದಿರಿಗೆ ಹಾಗೆ ಹೇಳು ಅಂತ ನಿಂಗೆ ಹೇಳ್ಕೊಟ್ಟೋನು ನಾನು! ಮೈ ಸನ್ ಈಸ್ ದೇರ್! ಜೆರ್ಸಿ ಹುಡುಗ!"

ಬಾಸ್ ಇನ್ನೊಮ್ಮೆ ಆಕಳಿಸಿದ.

"ಜೆರ್ಸಿ ಬಾಯ್? ಒಬ್ಬ ಇದ್ದಾನೆ. ಕ್ರೈಯಿಂಗ್, ಆಲ್ವೇಸ್ ಕ್ರೈಯಿಂಗ್. ಅವನು ನಿನ್ನ ಮಗನಾ?"

"ಅವ್ನೇ! ಮಾತಾಡ್ಸು! ಪುಟ್ ಹಿಮ್ ಆನ್!"

ಬಾಗಿಲು ತೆರೆದ ಸದ್ದು. ಯಾರನ್ನೋ ಎಳೆದು ತಂದ ಸದ್ದು. "ಯುವರ್ ಫಾದರ್," ಎಂದಿತು ಆ ದನಿ.

"ಅಪ್ಪಾ!"

ಅಷ್ಟೇ. ಆಮೇಲೆ ಬರೀ ಅಳು. ಗಂಟಲು ಕಟ್ಟಿದ, ಮಾತೇ ಬಾರದ ಅಳು. "ಅಪ್ಪಾ... ಅಪ್ಪಾ..."

ಶೈಲಮ್ಮನಂಥವರಿಗೆ ಇವರು ಹಾಕುವ ಪಟ್ಟು ಇದೇ ಅಲ್ಲವೇ? ಮೊಮ್ಮಗ ಜೈಲಿನಲ್ಲಿದ್ದಾನೆ ಅಂತ ಹೇಳಿ, ಯಾವನೋ ಹುಡುಗನ ಅಳು ಕೇಳಿಸುತ್ತಾರೆ. ಅಜ್ಜಿ ತನ್ನ ಮೊಮ್ಮಗನೇ ಎಂದು ಎದೆ ಒಡೆದುಕೊಳ್ಳುತ್ತಾಳೆ. ಅಳುವ ಮಕ್ಕಳ ದನಿಯೆಲ್ಲ ಒಂದೇ ಎಂದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ...

"ಅರ್ಣವ್! ಕಂದಾ! ಅಳ್ಬೇಡ! ಅಪ್ಪ ಇದೀನಿ!"

ಸುಬ್ಬು ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡರು. ಹಿಂದಿದ್ದವನು ಪಿಸ್ತೂಲು ಇಳಿಸಿದ. ಅವನಿಗೂ ಮಕ್ಕಳಿದ್ದರೇನೋ.

"ಬಿಟ್ಬಿಡು ಅವ್ನನ್ನ. ಏನ್ ಬೇಕಾದ್ರೂ ಕೇಳು," ಎಂದರು.

ಇಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಬಾಸ್ ಬಿಡುತ್ತಾನೆ, ನಚಿಕೇತ ಹೊರಗೆ ಬರುತ್ತಾನೆ, ಸುಬ್ಬುವನ್ನು ಪೊಲೀಸರಿಗೆ ಕೊಡುತ್ತೇನೆ. ಅದು ನನ್ನ ಪ್ಲ್ಯಾನು.

ಬಾಸಿನ ಪ್ಲ್ಯಾನು ಬೇರೆ ಇತ್ತು.

"ಸುಬ್ಬು, ನೀನು ಅಳ್ತಿದ್ದೀಯ. ಅಳುವವನು ಪೊಲೀಸರ ಹತ್ತಿರ ಹೋಗ್ತಾನೆ. ನಿನಗೆ ಎಲ್ಲಾ ಗೊತ್ತು. ಯು ಕಮ್ ಹಿಯರ್. ನೀನು ಒಳಗೆ ಬಾ, ಹುಡುಗ ಹೊರಗೆ ಹೋಗ್ತಾನೆ."

ಲೈನ್ ಕಟ್ಟಾಯಿತು.

ಒಂದು ಮಾತು ಸಾಕಿತ್ತು. ನಿಮ್ಮ ಮಗ ಮನ್ರೋದಲ್ಲಿದ್ದಾನೆ ಸುಬ್ಬು ಅವರೇ, ಶೈಲಮ್ಮನ ಸೋಫಾದ ಮೇಲೆ ಮಲಗಿದ್ದಾನೆ ಅಂದಿದ್ದರೆ ಆಗುತ್ತಿತ್ತು. ಮಾತು ನಾಲಗೆಯ ತುದಿಗೆ ಬಂತು. ನುಂಗಿದೆ.

"ಏರ್‌ಪೋರ್ಟಿಗೆ ಬಿಡ್ಲೇನ್ರೀ?" ಎಂದು ಕೇಳಿದೆ.

ವ್ಯಾನಿನವನನ್ನು ಅಲ್ಲೇ ಇಳಿಸಿದರು. ಕಾರು ನಾನು ಓಡಿಸಿದೆ. ಸುಬ್ಬು ಪಕ್ಕದಲ್ಲಿ ಕೂತು ಫೋನಿನಲ್ಲಿ ಟಿಕೆಟ್ ಹುಡುಕಿದರು. ಎರಡು ಸಲ ತಪ್ಪು ತಾರೀಕು ಒತ್ತಿದರು. ಕೊನೆಗೆ ಫೋನ್ ನನ್ನ ಕೈಗೆ ಕೊಟ್ಟರು. ಸಿಗ್ನಲ್ಲಿನಲ್ಲಿ ನಿಂತಾಗ ನಾನೇ ಬುಕ್ ಮಾಡಿದೆ.

"ನಿಂಗೆ ಮಕ್ಕಳಿದಾರಾ ಮಂಜರಿ?"

"ಇಲ್ರೀ."

"ಅವ್ನಿಗೆ ಸಣ್ಣೋನಿದ್ದಾಗಿಂದ ವೀಸಿಂಗ್, ಉಬ್ಬಸ. ಇನ್‌ಹೇಲರ್ ಮನೇಲೇ ಬಿಟ್ಟು ಹೋಗಿದಾನೆ, ಪೆದ್ದ." ಜೇಬಿನಿಂದ ತೆಗೆದು ತೋರಿಸಿದರು. ಕೈಯಲ್ಲೇ ಹಿಡಿದುಕೊಂಡರು. "ಹೊರಗೆ ಬಂದ ತಕ್ಷಣ ಕೊಡ್ಬೇಕು."

ನಾನೇನು ಕಲ್ಲಲ್ಲ. ಈ ಮನುಷ್ಯ ಪಾಪಿ ಹೌದು, ಅಪ್ಪನೂ ಹೌದು. ಕಾರು ನಿಲ್ಲಿಸಿಬಿಡಲೇ ಅನಿಸಿತು.

ಆಗ ಕೇಳಿದೆ. "ನಚಿಕೇತನ ಬಗ್ಗೆ ಹಿಂಗ ವಿಚಾರ ಮಾಡಿದ್ದಿರೇನ್ರೀ, ವ್ಯಾನ್ ಹತ್ತಿಸೂ ಮುಂದ?"

ಅವರು ನನ್ನ ಕಡೆ ನೋಡಿದರು.

"ಯಾರು?" ಎಂದರು.

ನಿಜವಾಗಿಯೂ ನೆನಪಿರಲಿಲ್ಲ! ಇವರೇ ಕೈಯಾರೆ ಮೊಸರನ್ನ ಕೊಟ್ಟ ಹುಡುಗ, ಮನೆಗೆ ಬಂದು ಹೋಗುತ್ತಿದ್ದ ಹುಡುಗ... ಹೆಸರೇ ನೆನಪಿಲ್ಲ ಈ ಮನುಷ್ಯನಿಗೆ!

ಆಕ್ಸಿಲರೇಟರ್ ಒತ್ತಿದೆ. ಟರ್ಮಿನಲ್ಲಿನ ಮುಂದೆ ಅವರನ್ನು ಇಳಿಸಿ ಬಂದೆ.

ಆ ವಾರವೇ ಬ್ಯಾಂಕಾಕಿನ ಅಮೆರಿಕನ್ ಎಂಬಸಿಯ ಗೇಟಿನ ಮುಂದೆ ಒಂದು ಕಾರು ಒಬ್ಬ ಹುಡುಗನನ್ನು ಎಸೆದು ಹೋಯಿತು. ಬರಿಗಾಲು. ಎಡಗಿವಿ ಕೇಳುತ್ತಿರಲಿಲ್ಲ. ಹೆಸರು ಕೇಳಿದರೆ ನಚಿಕೇತ ಎಂದನಂತೆ.

ನ್ಯೂವರ್ಕ್ ಏರ್‌ಪೋರ್ಟಿನಲ್ಲಿ ಬೋರಲಿಂಗಯ್ಯನವರು ಮಗನನ್ನು ತಬ್ಬಿಕೊಂಡು ನಿಂತುಬಿಟ್ಟರು. ದಾರಿಗೆ ಅಡ್ಡವಾಗಿದ್ದೀರಿ ಅಂತ ಯಾರೋ ಗದರಿದರೂ ಬಿಡಲಿಲ್ಲ. ಅಷ್ಟರಲ್ಲಿ ಅವರ ಜೇಬಿನ ಫೋನ್ ರಿಂಗಾಯಿತು. ಹುಡುಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಈಗ ಆ ಮನೆಯಲ್ಲಿ ಫೋನು ಸದ್ದು ಮಾಡುವುದಿಲ್ಲ.

ಜಯ್‌ನನ್ನು ನಾನೇ ಎಫ್‌ಬಿಐ ಆಫೀಸಿಗೆ ಕರೆದುಕೊಂಡು ಹೋದೆ. ಎಲ್ಲ ಹೇಳಿದ. ಸುಬ್ಬು ಅವರ ಕಾರಿನಲ್ಲಿ ನಡೆದ ಮಾತನ್ನು ನನ್ನ ಫೋನಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದೆ, ಅದನ್ನೂ ಕೊಟ್ಟೆ. ಅವರಿಗೆ ಈಗ ಸುಬ್ಬು ಬೇಕು. ಎಲ್ಲಿ ಸಿಗುತ್ತಾರೆ ಅಂತ ನನ್ನನ್ನೇ ಕೇಳಿದರು. ಹೇಳಿದೆ. ಅಲ್ಲಿ ನಮ್ಮ ಕೈ ನಡೆಯುವುದಿಲ್ಲ ಮ್ಯಾಮ್ ಎಂದರು.

ಉಳಿದದ್ದು ಅರ್ಣವ್.

ಮೊನ್ನೆ ಮಧ್ಯಾಹ್ನ ನನ್ನ ಆಫೀಸಿಗೆ ಬಂದ. ಇಳಿದುಹೋಗಿದ್ದ. ಕುರ್ಚಿಯ ಅಂಚಿನಲ್ಲಿ ಕೂತ. ಅಪ್ಪನ ಫೋನಿಗೆ ದಿನಾ ಮಾಡುತ್ತಾನಂತೆ. ಒಂದು ಸಲ ಯಾರೋ ಎತ್ತಿದರಂತೆ. ಆ ಹೆಸರಿನವರು ಯಾರೂ ಇಲ್ಲಿಗೆ ಬಂದಿಲ್ಲ ಎಂದು ಇಟ್ಟರಂತೆ.

"ಯು ಸೆಡ್ ಜಸ್ಟ್ ಎ ಕಾಲ್, ಆಂಟಿ."

ನೀರಿನ ಲೋಟ ಅವನ ಮುಂದೆ ಸರಿಸಿದೆ. ಅವನು ಮುಟ್ಟಲಿಲ್ಲ.

"ವೆನ್ ಈಸ್ ಹಿ ಕಮಿಂಗ್ ಬ್ಯಾಕ್?"

ಮಗುವಿನ ಮುಖ ನೋಡಿದೆ. ಸುಳ್ಳು ಹೇಳಬಹುದಿತ್ತು. ಆದರೆ ಈ ಹುಡುಗರಿಗೆ ದೊಡ್ಡವರು ಹೇಳಿದ ಸುಳ್ಳು ಈಗಾಗಲೇ ಸಾಕಷ್ಟಿತ್ತು.

"ಅದು ನಿಮ್ಮಪ್ಪಂದ ಬಜೆಟ್ ಟ್ರಿಪ್ ಅಪ್ಪೀ," ಎಂದೆ. "ವಾಪಸ್ ಬರೋದು ಅದರಾಗ ಸೇರಿರಂಗಿಲ್ಲ."